ಮಹೂತ್‌ನಲ್ಲಿ ಒಂದು ವಿಳಾಸ

ಐಸ್ ಪ್ಲಾಂಟಿನ ತಗಡಿನ ಮೇಲೆ ಡಿಶ್ ಕೂರಿಸಿದ ದಿನ
ಕೆಳಗೆ ಏಣಿ ಹಿಡಿದಿದ್ದ ಷಫೀಕುಲ್ ಕೇಳಿದ:
ಭಾಯ್, ಇದರಲ್ಲಿ ಎಲ್ಲ ಬರುತ್ತಾ?
ಬರುತ್ತದೆ ಅಂದೆ. ಬಂತು ಕೂಡ. ಕ್ರಿಕೆಟ್ಟು,
ನೋವಾಖಾಲಿಯಿಂದ ಅವನ ಮಗಳ ಹಲ್ಲಿಲ್ಲದ ನಗು,
ಎರಡು ಮಾವಂದಿರ ಜಾಗದ ಜಗಳ.

ನಾವು ಕೇಳಿದ್ದು ಬರುತ್ತದೆ.
ನಮ್ಮನ್ನು ಕೇಳಿಕೊಂಡು ಯಾರೂ ಬರಲಾರರು.

ಇದು ಗೊತ್ತಾದದ್ದು, ಅರ್ಬಾಬ್ ಹಮ್ದಾನ್ ಜುನೈಬಿ
ಮಸ್ಕತ್ತಿನಲ್ಲಿ ಕೂತು ಮೊಬೈಲಿನಲ್ಲೇ
ಎರಡನೇ ಕೋಣೆಯ ಚಳಿ ನೋಡಬೇಕು ಅಂದಾಗ.
ಹನ್ನೆರಡು ಟನ್ ಚಟ್ಲಿ. ಮೈನಸ್ ಹದಿನೆಂಟು.
ಒಂದು ಗೆರೆ ಏರಿದರೆ ಅವರಿಗಲ್ಲಿ ಹಾಸಿಗೆ ಚುಚ್ಚುತ್ತದೆ.

ಹೆಲ್ಪ್‌ಲೈನಿನ ಬುತೈನಾ, ತಾಳ್ಮೆಯ ಹುಡುಗಿ,
ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ ಬಿಡಿಸಿ ಹೇಳಿದಳು:
ನಿನಗೆ ನಿನ್ನದೇ ನಂಬರಿಲ್ಲ.
ಎಲ್ಲೋ ಒಂದೇ ನಂಬರಿನ ಬೆನ್ನಿಗೆ
ನಿನ್ನಂಥ ನೂರಾರು ಮನೆ.
ನೀನು ಕೂಗಿದರೆ ಉತ್ತರ ನಿನಗೇ ಮರಳುತ್ತದೆ,
ಗುರುತಿಟ್ಟಿರುತ್ತಾರೆ.
ಹೊರಗಿನವ ಬಂದು ಕೂಗಿದರೆ
ಯಾವ ಮನೆಯೆಂದು ತೋರಿಸುವವರು ಯಾರು?

ನನಗೆ ನಗು ಬಂತು.
ಪಿ.ಒ. ಬಾಕ್ಸ್ ನಲವತ್ತೊಂದು. ಕಂಪನಿಯ ಹೆಸರು.
ಅದರ ಬೆನ್ನಿಗೆ ಅರವತ್ತು ಗಂಡಸರು.
ಗಂಗೊಳ್ಳಿಯಿಂದ ಅಕ್ಕ ಮದುವೆ ಕಾಗದ ಹಾಕಿದರೆ
ಮೊದಲು ಆಫೀಸು, ಆಮೇಲೆ ಡ್ರೈವರನ ಡ್ಯಾಶ್‌ಬೋರ್ಡು,
ಆಮೇಲೆ ಮೆಸ್ಸಿನ ಫ್ರಿಜ್ಜಿನ ನೆತ್ತಿ.
ನನ್ನ ಕೈಗೆ ಬರುವಷ್ಟರಲ್ಲಿ
ಅಲ್ಲಿ ತೊಟ್ಟಿಲು ಕಟ್ಟಿ ಆಗಿರುತ್ತಿತ್ತು.

ಸ್ಥಿರ ವಿಳಾಸಕ್ಕೆ ತಿಂಗಳಿಗೆ ಇಪ್ಪತ್ತೆರಡು ರಿಯಾಲ್ ಹೆಚ್ಚು.
ಅರ್ಬಾಬ್ ಒಪ್ಪಲು ಒಂಬತ್ತು ದಿನ.
ಒಂಬತ್ತು ರಾತ್ರಿಯೂ ಎರಡು ಗಂಟೆಗೆ ಫೋನು:
ಶೀನ್, ಕಮ್?
ಶೀನ ಅನ್ನಲು ಬಾರದು ಅವರಿಗೆ. ಅವರ ಅಕ್ಷರಮಾಲೆಯಲ್ಲಿ
ನಾನೊಂದು ಅಕ್ಷರ, ಮೇಲೆ ಮೂರು ಚುಕ್ಕಿ.
ಕಂಬಳಿ ಹೊದ್ದು ಹೋಗಿ, ಟಾರ್ಚು ಹಾಕಿ,
ಮುಳ್ಳು ನೋಡಿ ಹೇಳುತ್ತಿದ್ದೆ: ತಮಂತಾಶ್, ಅರ್ಬಾಬ್.
ಅವರು ಮಲಗುತ್ತಿದ್ದರು. ನನಗೆ ನಿದ್ದೆ ಹರಿದಿರುತ್ತಿತ್ತು.

ಹತ್ತನೇ ದಿನ ಬಂತು. ನಾಲ್ಕು ಸಂಖ್ಯೆ,
ನಡುವೆ ಮೂರೇ ಚುಕ್ಕಿ.
ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದುಕೊಂಡೆ.

ಇನ್ನು ಪೋರ್ಟು. ಅಳಿವೆ ಬಾಯಲ್ಲಿ ಹುಟ್ಟಿದವನಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ:
ಬಂದ ದೋಣಿ ಯಾವ ದಕ್ಕೆಗೆ ಹೋಗಬೇಕೆಂದು
ಕೈ ಮಾಡಿ ತೋರಿಸುವವನೊಬ್ಬ ಬೇಕು, ಅಷ್ಟೆ.
ಎಂಟು ಸಾವಿರದ ಎಂಬತ್ತಕ್ಕೆ ಬಂದದ್ದನ್ನು
ಒಳಗಿನ ಐವತ್ತನೇ ಯಂತ್ರಕ್ಕೆ ಕಳಿಸು. ಸೇವ್. ರೀಬೂಟ್.
ಹಸಿರು ದೀಪ ಮಿಣುಕಿ ಮಿಣುಕಿ ನಿಂತಿತು.

ಮಸ್ಕತ್ತಿನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು.

ರಾತ್ರಿ ಎರಡಕ್ಕೆ ತಾನಾಗಿ ಎಚ್ಚರವಾಯಿತು.
ಫೋನು ಸುಮ್ಮನಿತ್ತು.

ಯಂತ್ರದ ಲಾಗು ತೆರೆದೆ. ಅರ್ಬಾಬ್
ಎರಡು ಸಲ ಬಂದು ನೋಡಿ ಹೋಗಿದ್ದರು,
ನನ್ನನ್ನು ಎಬ್ಬಿಸದೆ.
ಆಮೇಲೆ ಬೇರೆಯವರು. ಯಾವ ಯಾವ ದೇಶದ ನಂಬರುಗಳೋ.
ಹನ್ನೆರಡು ನಿಮಿಷದಲ್ಲಿ ಮೂವತ್ತು ಸಲ ತಟ್ಟಿದ್ದಾರೆ.
ಅಡ್ಮಿನ್? ಅಡ್ಮಿನ್? ರೂಟ್? ಗೆಸ್ಟ್?
ಕಳ್ಳರು, ಗೊತ್ತು. ಮನುಷ್ಯರೂ ಅಲ್ಲ,
ಇಡೀ ಲೋಕದ ಚಿಲಕ ಅಲುಗಿಸುತ್ತ ನಡೆವ ಯಂತ್ರಗಳು.

ಪಾಸ್‌ವರ್ಡು ಬದಲಿಸಿದೆ: ನಮ್ಮ ಮನೆ ದೋಣಿಯ ಹೆಸರು,
ಅದು ಮಗುಚಿದ ಇಸವಿ.
ಪೋರ್ಟಿನ ಸಂಖ್ಯೆ ಬೇರೆಯದಕ್ಕೆ ಸರಿಸಿದೆ.
ಇಷ್ಟಾದ ಮೇಲೆ ಮಲಗಬೇಕಿತ್ತು.

ಹಳೆಯ ಸಾಲುಗಳನ್ನೇ ಓದುತ್ತ ಕೂತೆ.
ಹನ್ನೊಂದು ವರ್ಷ. ಈ ಬಾಗಿಲ ಹೊರಗೆ ನಿಂತು
ಒಳಗೆ ಯಾರಿದ್ದೀರಿ ಅಂದವರನ್ನು ಕಂಡಿರಲಿಲ್ಲ.

ಷಫೀಕುಲ್ ಮಗ್ಗುಲಾದ. ಯಾರು ಭಾಯ್?
ಯಾರೋ, ಕೇಳಿಕೊಂಡು ಬಂದಿದ್ದರು ಅಂದೆ.

ಆಮೇಲೆ ಕಂಬಳಿ ಹೊದ್ದು ಎದ್ದು ಹೋಗಿ
ಟಾರ್ಚು ಹಾಕಿ ಮುಳ್ಳು ನೋಡಿದೆ.
ತಮಂತಾಶ್, ಅಂದೆ. ಚಟ್ಲಿಗಳಿಗೆ.